ಕಳಕೇಶ ಬರುವ ಪಿಚ್ಚರ್

ಮೊನ್ನೆ ಸಂಜೆ ಅಂಗಡಿ ಬಾಗಿಲು ಹಾಕಿಕೊಂಡು ಮನೆಗೆ ಬಂದಾಗ ಒಳಗಿನಿಂದ ಯಾರೋ ಬಿಕ್ಕುವ ಸದ್ದು ಕೇಳಿಸಿತು. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಓಡಿದೆ. ನೋಡಿದರೆ ಮಗಳು ಟೀವಿಯ ಮುಂದೆ ಕಾಲು ಮಡಚಿ ಕುಳಿತು, ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಚುರುಮುರಿಯ ತಾಟು, ಅರ್ಧ ಖಾಲಿಯಾಗಿತ್ತು. ದುಃಖವನ್ನೂ ಹಸಿವನ್ನೂ ಒಟ್ಟಿಗೆ ನಿಭಾಯಿಸುವ ಗುಣ ಅವಳಿಗೆ ನನ್ನ ಕಡೆಯಿಂದಲೇ ಬಂದದ್ದು.

ಟೀವಿಯಲ್ಲಿ ಯಾವುದೋ ದೂರದ ದೇಶದ ಹುಡುಗ ಹುಡುಗಿಯರು. ಅವರ ತರಗತಿಯ ಹುಡುಗನೊಬ್ಬ ತೀರಿಕೊಂಡಿದ್ದಾನೆ. ಉಳಿದವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ, ಗುಡ್ಡ ಹತ್ತುತ್ತಾರೆ, ಸೂರ್ಯ ಮುಳುಗುವುದನ್ನು ನೋಡುತ್ತ ಒಂದೊಂದೇ ಮಾತಾಡುತ್ತಾರೆ. ನಾನೂ ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡು ಕುಳಿತೆ. ನೀವು ಗಮನಿಸಿದ್ದೀರೋ ಇಲ್ಲವೋ, ಸಿನೆಮಾದಲ್ಲಿ ಅಳುವವರಿಗೆ ಮೂಗು ಸೋರುವುದಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅತ್ತರೆ ಮುಖ ತೊಳೆಯಲು ಬಚ್ಚಲಿಗೆ ಹೋಗಬೇಕಾಗುತ್ತದೆ.

"ಅಪ್ಪಾ, ನೀ ಸಾಲಿ ಕಲಿಯೂ ಮುಂದ ನಿಮ್ಮ ಕ್ಲಾಸಿನ್ಯಾಗ ಯಾರರೆ ಹಿಂಗ ಸತ್ತಿದ್ರೇನು?" ಎಂದಳು ಮಗಳು.

"ಸತ್ತಿದ್ದ, ಒಬ್ಬಾಂವ."

"ಮತ್ತ ನೀವೆಲ್ಲಾ ಏನ್ ಮಾಡಿದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. "ಅದನ್ನ ಕೇಳಬ್ಯಾಡವಾ ತಾಯಿ. ಅವರೂ ಒಂದು ಪಿಚ್ಚರ್ ತಗದಾರ. ನೀ ಧಾರವಾಡದ ಹಾಸ್ಟೆಲಿನ್ಯಾಗ ಇದ್ದಿ, ಉಳಕೊಂಡಿ."

ಹೆಂಡತಿಯ ವಿಮರ್ಶೆ ಹಾಗಿರಲಿ. ಮಗಳ ಪ್ರಶ್ನೆ ಮಾತ್ರ ನನ್ನನ್ನು ರೋಣದ ಹೈಸ್ಕೂಲಿನ ಕೊನೆಯ ಬೆಂಚಿಗೆ ಕೊಂಡೊಯ್ದು ಕೂರಿಸಿತು. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಅಸೂಟಿಯ ಕಳಕೇಶ. ಕೂಲಿ ಮಾಡುವವರ ಮಗ. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದ, ಬಸ್ಸು ತಪ್ಪಿದರೆ ಬರುತ್ತಿರಲಿಲ್ಲ, ಬಸ್ಸು ಮೇಲಿಂದ ಮೇಲೆ ತಪ್ಪುತ್ತಿತ್ತು. ಓದಿನಲ್ಲಿ ಅವನೂ ನಾನೂ ಒಬ್ಬರನ್ನೊಬ್ಬರು ಮೀರಿಸಬಾರದೆಂದು ಒಪ್ಪಂದ ಮಾಡಿಕೊಂಡವರಂತೆ ಇದ್ದೆವು. ಅವನ ವಿಶೇಷವೆಂದರೆ ನಗು. ಮಾಸ್ತರರು ಏನಾದರೂ ಚೇಷ್ಟೆಯ ಮಾತಾಡಿದರೆ ತರಗತಿಯೆಲ್ಲ ನಕ್ಕು, ಸುಮ್ಮನಾಗಿ, ಪುಸ್ತಕದ ಪುಟ ತಿರುವಿದ ಮೇಲೆ ಕಳಕೇಶನಿಗೆ ಅದು ಹೊಳೆಯುತ್ತಿತ್ತು. ಆಗ ಒಬ್ಬನೇ ಹೋ ಎಂದು ನಗುತ್ತಿದ್ದ. ಮಾಸ್ತರರು ಅಷ್ಟರಲ್ಲಿ ಗಂಭೀರವಾದ ಪಾಠಕ್ಕೆ ಹೋಗಿರುತ್ತಿದ್ದರು. ಅವನಿಗೆ ಬಿದ್ದ ಏಟುಗಳಲ್ಲಿ ಹೆಚ್ಚಿನವು ಈ ತಡವಾದ ನಗುವಿಗೇ ಬಿದ್ದವು.

ಹತ್ತನೆಯ ಇಯತ್ತೆಯಲ್ಲಿ, ಎಳ್ಳ ಅಮಾವಾಸ್ಯೆ ಹತ್ತಿರ ಬಂದ ದಿನಗಳಲ್ಲಿ ಅವನಿಗೆ ಕಾಮಣಿಯಾಯಿತು. ಕಣ್ಣು ಹಳದಿಯಾಯಿತು. ಯಾವುದೋ ಊರಲ್ಲಿ ಗಿಡಮೂಲಿಕೆ ಹಾಕಿಸಿದರಂತೆ, ಆಮೇಲೆ ದವಾಖಾನೆಗೂ ಒಯ್ದರಂತೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಾಗ ಹೆಡ್‌ಮಾಸ್ತರರು ಅವನು ಹೋದನೆಂದು ಹೇಳಿದರು. ಮೌನವಾಗಿ ನಿಲ್ಲಿರಿ ಎಂದರು. ನಿಂತೆವು. ಕಣ್ಣು ಮುಚ್ಚಿ ನಿಂತಾಗ ನನಗೆ ದುಃಖವೇನೂ ಆಗಲಿಲ್ಲ. ಈಗ ಇನ್ನೇನು ಹಿಂದಿನಿಂದ ಆ ತಡವಾದ ನಗು ಕೇಳಿಸುತ್ತದೆ, ಇನ್ನೇನು ಎಲ್ಲರಿಗೂ ಏಟು ಬೀಳುತ್ತವೆ ಎಂದು ಕಾಯುತ್ತ ನಿಂತಿದ್ದೆ. ಕೇಳಿಸಲಿಲ್ಲ. ಸಾಲೆ ಬಿಟ್ಟರು.

ಯಾರದೋ ಟ್ರ್ಯಾಕ್ಟರ್ ಹತ್ತಿ ಅಸೂಟಿಗೆ ಮಣ್ಣಿಗೆ ಹೋದೆವು. ದೊಡ್ಡವರು ಅಳುತ್ತಿದ್ದರು, ಭಜನೆಯವರು ಹಾಡುತ್ತಿದ್ದರು. ನಮಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಹಾಕಿ ಬಂದೆವು. ವಾಪಸು ಬರುವಾಗ ಟ್ರ್ಯಾಕ್ಟರ್ ಕೆಟ್ಟಿತು. ಎರಿ ಹೊಲದ ಬದುವಿನಲ್ಲಿ ಕುಳಿತೆವು. ಹೊಲದ ತುಂಬ ಹಸಿಗಡಲೆ. ಯಾರು ಮೊದಲು ಗಿಡ ಕಿತ್ತರೋ ಗೊತ್ತಿಲ್ಲ, ಆಮೇಲೆ ಎಲ್ಲರೂ ಕಿತ್ತೆವು. ಕಾಯಿ ಸುಲಿಯುತ್ತ ಪರೀಕ್ಷೆಯ ಬಗ್ಗೆ, ಕ್ರಿಕೆಟ್ಟಿನ ಬಗ್ಗೆ ಮಾತಾಡಿದೆವು. ಸೂರ್ಯನೂ ಮುಳುಗುತ್ತಿದ್ದ ಎನ್ನಿ, ಆದರೆ ಅವನನ್ನು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಇಷ್ಟೇ ನಾವು ಮಾಡಿದ್ದು. ಇದನ್ನು ಮಗಳಿಗೆ ಹೇಗೆ ಹೇಳುವುದು?

ಇನ್ನು ಪಿಚ್ಚರಿನ ಕತೆ. ಈಗ ನಮ್ಮ ಕಡೆ ಮಳೆ ತಪ್ಪಿದರೂ ಗುರುವಂದನೆ ತಪ್ಪುವುದಿಲ್ಲ. ಒಂದೊಂದು ಬ್ಯಾಚಿನವರೂ ವಾಟ್ಸಾಪಿನಲ್ಲಿ ಗುಂಪು ಕಟ್ಟುತ್ತಾರೆ, ಹಳೆಯ ಮಾಸ್ತರರನ್ನು ಹುಡುಕಿ ತರುತ್ತಾರೆ, ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಹೆಣ್ಣುಮಕ್ಕಳು ಒಂದೇ ಬಣ್ಣದ ಸೀರೆ ಉಟ್ಟು ಬರುತ್ತಾರೆ. ಅಂದು ಬೆತ್ತ ಕಂಡರೆ ಕಿಟಕಿ ಹಾರಿದವರೇ ಇಂದು ಅದೇ ಮಾಸ್ತರರ ಕಾಲು ಹಿಡಿಯಲು ಸರದಿಯಲ್ಲಿ ನಿಲ್ಲುತ್ತಾರೆ. ನಮ್ಮ ಗಣಿತದ ಮಾಸ್ತರರ ಮನೆಯಲ್ಲಿ ಶಾಲು ಇಡಲೆಂದೇ ಒಂದು ಟ್ರಂಕು ತಂದಿದ್ದಾರಂತೆ. ನಡುವೆ ಅಗಲಿದ ಗೆಳೆಯರಿಗಾಗಿ ಮೌನಾಚರಣೆ ಇರುತ್ತದೆ, ಅದು ಅಡುಗೆಯವನು ಬಾಗಿಲಲ್ಲಿ ಇಣುಕುವವರೆಗೆ ನಡೆಯುತ್ತದೆ.

ನಮ್ಮ ಬ್ಯಾಚಿನ ಮುಂದಾಳು ಗಜೇಂದ್ರಗಡದ ಮಂಜುನಾಥ. ರಸ್ತೆಯ ಗುತ್ತಿಗೆದಾರ. ಅವನು ಮಾಡಿದ ರಸ್ತೆಯ ಮೇಲೆ ಹೋದವರು ಅವನನ್ನು ಮರೆಯುವುದಿಲ್ಲ. "ಶಾಲು ಎಲ್ಲಾರೂ ಹಾಕ್ತಾರ. ನಾವು ಬ್ಯಾರೆ ಏನರೆ ಮಾಡೂಣು," ಎಂದು ಅವನು ತನ್ನ ಆಫೀಸಿನಲ್ಲಿ ನಮ್ಮನ್ನೆಲ್ಲ ಕೂಡಿಸಿ ಮಿರ್ಚಿ ಭಜಿ ತರಿಸಿದ. "ಕಳಕೇಶನ ಮ್ಯಾಲೆ ಒಂದು ಪಿಚ್ಚರ್ ತಗಿಯೂಣು. ಗೆಳ್ಯಾ ಸತ್ತಾಗ ಸಣ್ಣ ಹುಡುಗೂರು ಹ್ಯಾಂಗ ತಡಕೊಂಡ್ರು, ಅದು ಕತಿ. ನಮ್ಮ ಮಕ್ಕಳೇ ನಮ್ಮ ಪಾರ್ಟು ಮಾಡ್ಲಿ."

ಬರೆಯುವ ಕೆಲಸ ನನಗೆ ಬಂತು. ನಾನು ರೋಣದಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟವನು. ಆದರೆ ಬೀಳ್ಕೊಡುಗೆಯ ದಿನ ಒಂದು ಕವಿತೆ ಓದಿದ್ದೆನೆಂಬ ಕಾರಣಕ್ಕೆ ಬ್ಯಾಚಿನ ಸಾಹಿತಿಯಾಗಿ ಉಳಿದುಬಿಟ್ಟಿದ್ದೇನೆ. ಯಾರದೇ ಮನೆಯಲ್ಲಿ ಸಾವಾದರೂ ಫ್ಲೆಕ್ಸಿನ ಮೇಲಿನ 'ಮತ್ತೆ ಹುಟ್ಟಿ ಬಾ' ಸಾಲುಗಳು ನನ್ನವೇ. ಎಷ್ಟು ಮಂದಿಯನ್ನು ಮತ್ತೆ ಹುಟ್ಟಿ ಬರಲು ಕರೆದಿದ್ದೇನೋ, ಎಲ್ಲರೂ ಬಂದರೆ ರೋಣದಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಮೊದಲ ತೊಡಕು ಕಾಮಣಿಯದು. "ಕಾಮಣಿ ಆಗಿ ಹೀರೋ ಸತ್ರ ಯಾರ್ ನೋಡ್ತಾರ?" ಎಂದ ಮಂಜು.

"ಅಂವ ಸತ್ತದ್ದು ಕಾಮಣಿಲೇ ಅಲ್ಲೇನು?" ಎಂದಳು ಸುಜಾತಾ. ಅವಳೂ ನಮ್ಮ ತರಗತಿಯವಳು, ನರಗುಂದದಲ್ಲಿ ನರ್ಸು. ರೋಗದ ಹೆಸರು ಬದಲಿಸುವುದು ಅವಳಿಗೆ ಸುತಾರಾಂ ಒಗ್ಗದು.

"ಖರೇ ವಾ, ಆದ್ರ ಪಿಚ್ಚರಿನ್ಯಾಗ ಅಂವ ಕೊಣ್ಣೂರ ಹೊಳ್ಯಾಗ ಮುಳಗೋ ಕೂಸನ್ನ ಉಳಿಸಾಕ ಹೋಗಿ ಸಾಯ್ಲಿ. ಡ್ರೋನ್ ಐತಿ, ಸೇತುವೆ ಮ್ಯಾಲಿಂದ ತಗಿಯೂಣು."

ಸುಜಾತಾ ನನ್ನ ಮುಖ ನೋಡಿದಳು. ನಾನು ಭಜಿಯ ಕಡೆ ನೋಡಿದೆ. ಒಮ್ಮೆ ಹೊಳೆಗೆ ಹಾರಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಕಳಕೇಶ ತರಗತಿಗೇ ಮೊದಲಿಗನಾದ. ಬಡವರಿಗೆ ಬುತ್ತಿ ಹಂಚಿದ. ಗುರುಗಳ ಪಾದಕ್ಕೆರಗಿದ. ನಮ್ಮ ಕಡೆ ಸತ್ತ ಎಮ್ಮೆಗೆ ಯಾವಾಗಲೂ ಹಾಲು ಹೆಚ್ಚು, ನಾನು ಸ್ವಲ್ಪ ಕೆನೆಯನ್ನೂ ಸೇರಿಸಿದೆ. ತಡವಾದ ನಗುವನ್ನು ಒಂದು ಕಡೆ ಬರೆದಿದ್ದೆ, ಮಂಜು ಅದನ್ನು ಹೊಡೆದುಹಾಕಿಸಿದ. ಹೀರೋ ದಡ್ಡನೆಂದು ಮಂದಿ ತಿಳಿದಾರಂತೆ.

ಕತೆ ಮುಗಿದ ಮೇಲೆ ಕಳಕೇಶನ ತಾಯಿ ನೀಲವ್ವನನ್ನು ಕರೆಯಲು ಮಂಜು, ಸುಜಾತಾ, ನಾನು ಅಸೂಟಿಗೆ ಹೋದೆವು. ಮಗ ಹೋದ ಮೇಲೆ ಗಂಡ ಹೆಂಡತಿ ಬಹಳ ವರ್ಷ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಗಂಡ ತೀರಿಕೊಂಡ ಮೇಲೆ ಆಕೆ ತಿರುಗಿ ಬಂದು ಅಣ್ಣನ ಮಗನ ಸಂಸಾರದ ಜೊತೆಗಿದ್ದಳು. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದವಳು ನಾವು ಹೇಳಿದ್ದನ್ನೆಲ್ಲ ಕೇಳಿ, ಮೊರ ಕೆಳಗಿಟ್ಟು, ಒಂದೇ ಮಾತು ಕೇಳಿದಳು.

"ಆ ಪಿಚ್ಚರಿನ್ಯಾಗ ಕಳಕೇಶ ಬರ್ತಾನೇನು?"

"ಬರದ ಇರ್ತಾನೇನ್ ಯವ್ವಾ? ಪಿಚ್ಚರ್ ಅವಂದ ಐತಿ!" ಎಂದ ಮಂಜು, ಗುತ್ತಿಗೆಯ ಉತ್ಸಾಹದಲ್ಲಿ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಫೋಟೋ ತಗಸಲಿಲ್ಲ ನೋಡ್ರಿ ನಾವು. ಪರೀಕ್ಷಾಕ್ಕ ಫೋಟೋ ತಗಸೂದೈತಿ, ಚಲೋ ಅಂಗಿ ಹೊಲಿಸಿ ಕೊಡು ಅಂದಿದ್ದ. ಅಷ್ಟರಾಗ ಹ್ವಾದ. ಈಗ ಅವನ ಮುಖಾ ನನಗ ಸರಿಯಾಗಿ ಬರವಲ್ದು. ಮೂಗು ನೆನಪೈತಿ. ಕಣ್ಣು ನೆನಪೈತಿ. ಎರಡೂ ಕೂಡಿಸಿದ್ರ ಅಂವ ಆಗವಲ್ಲ." ಆಮೇಲೆ ಸುಜಾತಾಳ ಕೈ ಹಿಡಿದು, "ಬರ್ತೀನವಾ. ಒಮ್ಮೆ ಅವನ್ನ ನೋಡಿ ಬಿಡ್ತೀನಿ," ಎಂದಳು.

ತಿರುಗಿ ಬರುವಾಗ ಕಾರಿನಲ್ಲಿ ಸುಜಾತಾ, "ಆಕಿ ಖರೇ ಕಳಕೇಶನ್ನ ನೋಡಾಕ ಬರಾಕತ್ತಾಳ," ಎಂದಳು.

"ಅಷ್ಟು ತಿಳಿಯಂಗಿಲ್ಲೇನು ಆಕಿಗೆ? ಪಿಚ್ಚರ್ ಅಂದ್ರ ಪಿಚ್ಚರ್," ಎಂದ ಮಂಜು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಹಾಗಾದರೆ ಅವನನ್ನೇ ಹೋಲುವ ಹುಡುಗನನ್ನಾದರೂ ಹುಡುಕೋಣವೆಂದೆ. ಹೋಲುವುದೆಂದರೆ ಹೇಗೆ? ನಾನು ದುಂಡು ಮುಖವೆಂದೆ. ಮಂಜು ಉದ್ದ ಮುಖವೆಂದ. ಹುಬ್ಬಿನ ಮೇಲೆ ಗಾಯದ ಗುರುತಿತ್ತು ಎಂದಳು ಸುಜಾತಾ. ಅದು ಬೇರೆಯವನ ಹುಬ್ಬು ಎಂದ ಮಂಜು. ಮೂರು ಜನ ಸೇರಿ ಒಂದು ಮುಖ ಮಾಡಲು ನಮ್ಮಿಂದಲೂ ಆಗಲಿಲ್ಲ. ಅದೂ ಅಲ್ಲದೆ ಆ ಪಾತ್ರ ಮಂಜುವಿನ ಮಗನಿಗೆಂದು ಮೊದಲೇ ನಿಶ್ಚಯವಾಗಿತ್ತು. ಬೆಳ್ಳಗೆ, ಗುಂಡುಗುಂಡಗೆ ಇದ್ದ, ಸೆಂಟು ಹಾಕಿಕೊಳ್ಳುವ ಹುಡುಗ. ರೊಕ್ಕ ಹಾಕಿದವನ ಮಗನಿಗೆ ಹೀರೋನ ಪಾತ್ರ ಕೊಡದೆ ಇನ್ನೇನು ಕೊಡುವುದು?

ಚಿತ್ರ ತೆಗೆದವನು ಸಂಗಮೇಶ. ಗಜೇಂದ್ರಗಡದ ಸುತ್ತ ಹತ್ತೂರಿನ ಮದುವೆಯ ವಿಡಿಯೋ ಅವನದೇ. ಕೈ ಬಹಳ ಚಲೋ, ಆದರೆ ಮದುವೆಯ ಕೈ. ಎಲ್ಲರನ್ನೂ ನಿಧಾನವಾಗಿ ನಡೆಸುತ್ತಿದ್ದ, ಎಲ್ಲರ ಮೇಲೂ ಹೂವಿನ ಪಕಳೆ ಬೀಳಿಸುತ್ತಿದ್ದ. ಶವಯಾತ್ರೆಯ ದೃಶ್ಯದಲ್ಲಿ ಬಾಯಿತಪ್ಪಿ, "ವರನ ಕಡಿಯವರು ಈ ಕಡಿ ಬರ್ರಿ," ಎಂದ. ಸಮಾಧಿಯ ಮುಂದೆ ನಿಂತ ಹುಡುಗರಿಗೆ, "ಸ್ವಲ್ಪ ನಗ್ರಿ," ಎಂದುಬಿಟ್ಟ. ಹುಡುಗರು ಪಾಪ, ನಕ್ಕರು.

ಮಂಜುವಿನ ಹೆಂಡತಿಯದು ಬೇರೆ ತಕರಾರು. "ಜೀವಂತ ಇರೋ ಮಗನ ಫೋಟೋಕ್ಕ ಹಾರ ಹಾಕಿದ್ರ ನಾ ತವರಮನಿಗೆ ಹೊಂಡ್ತೀನಿ," ಎಂದಳು. ತಾಯಿಯ ಸಂಕಟ, ಯಾರೇನು ಹೇಳುವಂತಿರಲಿಲ್ಲ. ಹೀಗಾಗಿ ಪಿಚ್ಚರಿನಲ್ಲಿ ಹಾರ ಹಾಕಿದ ಫೋಟೋವನ್ನು ಬೆನ್ನ ಕಡೆಯಿಂದ ತೋರಿಸಿದೆವು. ನೋಡುವವರಿಗೆ ಮೊಳೆ, ದಾರ ಮತ್ತು ರಟ್ಟು ಕಾಣುತ್ತಿದ್ದವು. ಕೊಣ್ಣೂರಿನಲ್ಲಿ ಮುಳುಗುವ ದೃಶ್ಯ ತೆಗೆದ ದಿನ ಆಕೆ ದಂಡೆಯ ಮೇಲೆ ಉಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡೇ ನಿಂತಿದ್ದಳು. ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿದು ದಾರಿ ಕಟ್ಟುವ ಮಲಪ್ರಭೆ ಅಂದು ಮೊಣಕಾಲಿನಷ್ಟಿದ್ದಳು. ಹೀರೋ ಕುಕ್ಕರಗಾಲಲ್ಲಿ ಕುಳಿತು ಮುಳುಗಿದ. ಎದ್ದು ಬಂದ ಕೂಡಲೇ ತಾಯಿ ದೃಷ್ಟಿ ತೆಗೆದು ಎಲ್ಲವನ್ನೂ ಹೊಳೆಗೆ ಎಸೆದಳು.

ಅಂದೇ ಸೇತುವೆಯ ಮೇಲೆ ಇನ್ನೊಂದು ಸಂಗತಿ ನಡೆಯಿತು. ನಮ್ಮ ಮಕ್ಕಳಿಗೆ ಅಳು ಬರುತ್ತಿರಲಿಲ್ಲ. ಕಣ್ಣ ಕೆಳಗೆ ನೋವಿನ ಮುಲಾಮು ಹಚ್ಚಿದರೆ ಉರಿ ಉರಿ ಎಂದು ಕುಣಿದರು. ಒಬ್ಬ ಹುಡುಗಿ ಬಂದು, "ಅಂಕಲ್, ನೀವೆಲ್ಲಾ ಆಗ ಹ್ಯಾಂಗ ಅತ್ತಿದ್ರಿ? ಒಮ್ಮೆ ತೋರಸ್ರಿ, ಹಂಗ ಮಾಡ್ತೀವಿ," ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಸಿಗಡಲೆಯ ಹೊಲ ಎಲ್ಲರಿಗೂ ನೆನಪಿತ್ತು.

"ನಾ ಅತ್ತದ್ದು ಭಾಳ ವರ್ಷ ಆದ ಮ್ಯಾಲೆ," ಎಂದಳು ಸುಜಾತಾ. "ನರ್ಸಿಂಗ್ ಕಲಿಯೂ ಮುಂದ ನಮ್ಮ ವಾರ್ಡಿಗೆ ಒಬ್ಬ ಹುಡುಗ ಕಾಮಣಿ ಆಗಿ ಬಂದಿದ್ದ. ಅಂವ ಆರಾಮಾಗಿ, ಚೀಲಾ ಹಿಡಕೊಂಡು ಅವರವ್ವನ ಕೂಡ ಮನಿಗೆ ಹ್ವಾದ. ಅವತ್ತ ಬಾತ್‌ರೂಮಿಗೆ ಹೋಗಿ ಅತ್ತೆ."

ಹುಡುಗಿ ಅರ್ಥವಾಗದೆ ತಲೆಯಾಡಿಸಿದಳು. ಇದನ್ನ ತಗಿಯಾಕ ಆಗಂಗಿಲ್ಲಲ್ರಿ ಎಂದ ಸಂಗಮೇಶ. ಇಡೀ ಪಿಚ್ಚರಿನಲ್ಲಿ ತೆಗೆಯಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಈಗ ಅನಿಸುತ್ತದೆ.

ಗುರುವಂದನೆಯ ದಿನ ರೋಣದ ಕಲ್ಯಾಣ ಮಂಟಪ ತುಂಬಿತ್ತು. ಮಾಸ್ತರರಿಗೆ ಶಾಲುಗಳಾದವು. ಮುಂದಿನ ಸಾಲಿನಲ್ಲಿ, ಸುಜಾತಾಳ ಪಕ್ಕ ನೀಲವ್ವ. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಕಟ್ಟಿದ್ದಳು. ಮಗನನ್ನು ನೋಡಲು ಬಂದವಳ ಹಾಗೇ ಬಂದಿದ್ದಳು. ದೀಪ ಆರಿಸಿದರು. ನಾನು ಆಕೆಯ ಹಿಂದಿನ ಕುರ್ಚಿಯಲ್ಲಿದ್ದೆ. ಬರೆದವನಿಗೆ ತನ್ನ ಪಿಚ್ಚರ್ ನೋಡುವ ಕುತೂಹಲ ಇರಬೇಕಲ್ಲವೆ? ನನ್ನ ಕಣ್ಣು ಮಾತ್ರ ತೆರೆಯಿಂದ ಮತ್ತೆ ಮತ್ತೆ ಆಕೆಯ ಗಂಟಿಗೇ ಬಂದು ನಿಲ್ಲುತ್ತಿತ್ತು.

ತೆರೆಯ ಮೇಲೆ ಮಂಜುವಿನ ಮಗ ಪ್ರೈಜು ತೆಗೆದುಕೊಂಡ. ನೀಲವ್ವ ಸುಜಾತಾಳ ಕಡೆ ವಾಲಿ, "ಅಂವ ಯಾವಾಗ ಬರ್ತಾನ?" ಎಂದಳು. ಸುಜಾತಾ ಆಕೆಯ ಕೈ ಹಿಡಿದುಕೊಂಡಳು. ಮಂಜುವಿನ ಮಗ ಬುತ್ತಿ ಹಂಚಿದ. "ಇನ್ನ ಬರಲಿಲ್ಲಲ್ಲ ಅಂವ?" ಎಂದಳು ನೀಲವ್ವ. ಮಂಜುವಿನ ಮಗ ಹೊಳೆಗೆ ಹಾರಿದ. ಚಪ್ಪಲಿ ತೇಲಿತು. ಹಿಂದಿನ ಸಾಲುಗಳಲ್ಲಿ ಮೂಗು ಎಳೆದುಕೊಳ್ಳುವ ಸದ್ದು ಎದ್ದಿತು. ಗಣಿತದ ಮಾಸ್ತರರು ಹೊಸ ಶಾಲಿನಿಂದಲೇ ಕಣ್ಣೊರೆಸಿಕೊಂಡರು. ಅವರೆಲ್ಲ ನಿಜವಾಗಿ ಅಳುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾರಿಗಾಗಿ ಅಳುತ್ತಿದ್ದರೋ ಆ ಹುಡುಗ ಎಂದೂ ಹುಟ್ಟಿರಲೇ ಇಲ್ಲ. ನೀಲವ್ವ ಅಳಲಿಲ್ಲ. ತೆರೆಯ ಮೇಲೆ ಹೆಸರುಗಳು ಏರತೊಡಗಿದರೂ ಕತ್ತು ಮುಂದೆ ಚಾಚಿ ಹುಡುಕುತ್ತಲೇ ಇದ್ದಳು. ಪಿಚ್ಚರ್ ಎಷ್ಟು ಚಂದವಾಗಿ ಬಂದಿತ್ತೋ ನನಗೆ ಅಷ್ಟು ನಾಚಿಕೆಯಾಯಿತು.

ದೀಪ ಹತ್ತಿದವು. ಮಂಜು ಆಕೆಯನ್ನು ವೇದಿಕೆಗೆ ಕರೆಸಿ, ಮೈಕು ಮುಂದೆ ಹಿಡಿದು, "ಯವ್ವಾ, ಎರಡು ಮಾತು," ಎಂದ.

"ಹುಡುಗ ಭಾಳ ಚಂದ ಅದಾನ. ಯಾರ ಮಗ?" ಎಂದು ಕೇಳಿದಳು.

"ನನ್ನ ಮಗಾ ರಿ."

"ದೇವರು ಚಲೋ ಇಡ್ಲಿ." ಮಂದಿಯ ಕಡೆ ತಿರುಗಿದಳು. "ನಮ್ಮ ಕಳಕೇಶ ನೀರಂದ್ರ ಅಂಜತಿದ್ದ. ಜಳಕಾ ಮಾಡಸಬೇಕಂದ್ರ ಓಣಿ ತುಂಬ ಬೆನ್ನ ಹತ್ತತಿದ್ದೆ. ಇಂವ ಅಂವ ಅಲ್ಲ. ನೀವು ಕಷ್ಟಾ ಪಟ್ಟೀರಿ, ಆದ್ರ ಅಂವ ಇದ್ರಾಗ ಬರಲಿಲ್ಲ."

ಮಂಜುವಿನ ಕೈಯಲ್ಲಿದ್ದ ಮೈಕು ಸಣ್ಣಗೆ ಕೂಗುತ್ತಿತ್ತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಗೊತ್ತಿದ್ದವನು ಸಂಗಮೇಶ ಒಬ್ಬನೇ. "ಬ್ಯಾಚಿನವರೆಲ್ಲಾ ಬರ್ರಿ, ಗ್ರೂಪ್ ಫೋಟೋ, ಗ್ರೂಪ್ ಫೋಟೋ," ಎಂದು ಕೂಗಿದ. ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತೆಂದು ನಾವೆಲ್ಲ ವೇದಿಕೆ ಹತ್ತಿ ಸಾಲಾಗಿ ನಿಂತೆವು. ಹೊಟ್ಟೆ ಒಳಗೆಳೆದುಕೊಂಡೆವು. ಆಕೆಯನ್ನು ನಡುವೆ ನಿಲ್ಲಿಸಲು ಹೋದರೆ ಆಕೆ ನಿಲ್ಲಲಿಲ್ಲ, ತಿರುಗಿ ನಮ್ಮನ್ನು ನೋಡಿದಳು.

"ಇವರೆಲ್ಲಾ ಯಾರವಾ?" ಎಂದು ಸುಜಾತಾಳನ್ನು ಕೇಳಿದಳು.

"ಕಳಕೇಶನ ಗೆಳ್ಯಾರು. ಎಲ್ಲಾರೂ ಅವನ ಕೂಡ ಕಲತಾವ್ರು."

"ಅವನ ವಾರಿಗೀಯವರು? ಅವನಷ್ಟ ವಯಸ್ಸಿನವರು, ಇವರು?"

ಸಾಲಿನ ಒಂದು ತುದಿಯಿಂದ ಶುರು ಮಾಡಿದಳು. ಒಬ್ಬೊಬ್ಬರ ಮುಂದೆಯೂ ನಿಂತು, ಸಂತೆಯಲ್ಲಿ ಕಾಯಿಪಲ್ಲೆ ನೋಡುವಷ್ಟೇ ನಿಧಾನವಾಗಿ ನೋಡಿದಳು. ಒಬ್ಬನ ಬಾಯಿ ತೆರೆಸಿ ಬಿದ್ದ ಹಲ್ಲು ನೋಡಿದಳು. ಮಂಜುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಇಷ್ಟು ಬಂದೈತೇನ್ ಹೊಟ್ಟಿ? ಸಕ್ಕರಿ ಬ್ಯಾನಿ ಐತೇನು?" ಎಂದಳು. "ಐತ್ ಯವ್ವಾ," ಎಂದ ಮಂಜು, ಸಾಲೆಯ ಹುಡುಗನ ದನಿಯಲ್ಲಿ. ನನ್ನ ಮುಂದೆ ಬಂದು, "ಬಗ್ಗು," ಎಂದಳು. ಬಗ್ಗಿದೆ. ಕೂದಲು ಹೋಗಿ ಬಯಲಾದ ನನ್ನ ತಲೆಯ ಮೇಲೆ ಆ ಒರಟು ಅಂಗೈ ಹಿಂದಕ್ಕೂ ಮುಂದಕ್ಕೂ ಹರಿದಾಡಿತು.

"ಕಳಕೇಶನ ಅಪ್ಪಂದೂ ಹಿಂಗ ಆಗಿತ್ತು," ಎಂದಳು. "ಅವಂದೂ ಹಿಂಗ ಆಗಿರ್ತೈತಿ." ಆಮೇಲೆ ನನಗೋ, ಸುಜಾತಾಳಿಗೋ, ಯಾರಿಗೂ ಅಲ್ಲವೋ, ಮೆಲ್ಲಗೆ ಹೇಳಿದಳು. "ನಾ ಇಷ್ಟು ವರ್ಷ ಸಣ್ಣ ಹುಡುಗನ್ನ ಹುಡಕಾಕತ್ತಿದ್ದೆ. ಅಂವ ದೊಡ್ಡಾಂವ ಆಗ್ಯಾನ ಅನ್ನೂದು ಹೊಳೀಲೇ ಇಲ್ಲ ನೋಡು ನನಗ."

ಆಗ ಅತ್ತಳು. ನಾವೂ ಅತ್ತೆವು, ಬ್ಯಾಚಿಗೆ ಬ್ಯಾಚೇ, ಸಾಲಾಗಿ ನಿಂತುಕೊಂಡು, ಮೂಗು ಸೋರಿಸಿಕೊಂಡು. ಕ್ಯಾಮೆರಾ ಹಿಡಿದ ಸಂಗಮೇಶ ಯಾರಿಗೂ ನಗಿರಿ ಎನ್ನಲಿಲ್ಲ.

ಮಗಳಿಗೆ ಇಷ್ಟನ್ನೂ ಹೇಳಿದೆ. ಟೀವಿಯಲ್ಲಿ ಆ ದೂರದ ದೇಶದ ಹುಡುಗರು ಯಾವಾಗ ದುಃಖ ಮುಗಿಸಿ ಹೋದರೋ ನಾವಿಬ್ಬರೂ ನೋಡಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು, ವಿಮರ್ಶೆ ಏನೂ ಬರಲಿಲ್ಲ. "ಆ ಅಮ್ಮ ಈಗೆಲ್ಲಿ ಅದಾರ?" ಎಂದಳು ಮಗಳು.

ಎಲ್ಲಿ ಇರುತ್ತಾಳೆ, ಅಸೂಟಿಯಲ್ಲೇ ಇದ್ದಾಳೆ. ಸಂತೆಗೆ ರೋಣಕ್ಕೆ ಬಂದರೆ ನನ್ನ ಅಂಗಡಿಗೆ ಬರದೆ ಹೋಗುವುದಿಲ್ಲ. ಗೊಬ್ಬರ ಬೇಕಾಗಿಲ್ಲ, ಬೀಜ ಬೇಕಾಗಿಲ್ಲ. ಚೀಲದ ಮೇಲೆ ಕುಳಿತು ನೀರು ಕುಡಿದು ನನ್ನ ಮುಖ ನೋಡುತ್ತಾಳೆ. ಮೊದಮೊದಲು ನನಗೆ ಸಂಕೋಚವಾಗಿ ಗಿರಾಕಿಗಳ ಕಡೆ ತಿರುಗಿಬಿಡುತ್ತಿದ್ದೆ. ಈಗ ಕೆಲಸ ಬಿಟ್ಟು, ಬೆಳಕು ಬೀಳುವ ಕಡೆ ಮುಖ ಮಾಡಿ ಸುಮ್ಮನೆ ಕುಳಿತುಕೊಳ್ಳುತ್ತೇನೆ.

ಹೋದ ಸಂತೆಗೂ ಬಂದಿದ್ದಳು. ಬಹಳ ಹೊತ್ತು ನೋಡಿ, "ಕಣ್ಣಿನ ಕೆಳಗ ಕರ್ರಗಾಗೇತಿ. ರಾತ್ರಿ ನಿದ್ದಿ ಮಾಡವಲ್ಲೇನಪಾ?" ಎಂದಳು. ಕೇಳಿದ್ದು ಯಾರನ್ನು ಎಂದು ನಾನು ವಿಚಾರಿಸಲಿಲ್ಲ.

"ಮಾಡ್ತೀನ್ ಯವ್ವಾ," ಎಂದೆ. "ಚಲೋ ನಿದ್ದಿ ಬರ್ತೈತಿ."